ಗ್ಲೂಕೋಸ್ ಬಾಟಲಿಗಿಂತ ಮೊದಲು ಒಂದು ಚಮಚ

ಸಂಪಾದಕರೇ, ನಮಸ್ಕಾರ.

ಮಳೆಗಾಲ ಶುರುವಾಯಿತೆಂದರೆ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ. ಇಂಥ ಊರಿನಲ್ಲಿ ವಾಂತಿ ಭೇದಿ, ಇಷ್ಟು ಜನ ಆಸ್ಪತ್ರೆಗೆ, ಅಧಿಕಾರಿಗಳ ಭೇಟಿ, ಟ್ಯಾಂಕ್ ತೊಳೆಸಿದರು, ಪಿಡಿಒಗೆ ನೋಟಿಸ್. 2022ರಲ್ಲಿ ರಾಯಚೂರಿನದು ಓದಿದೆವು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯದು ಓದಿದೆವು, ಜನ ಸತ್ತಿದ್ದನ್ನೂ ಓದಿದೆವು. ಕೆಟ್ಟ ನೀರು ಬಿಟ್ಟವರ ಮೇಲೆ ಕ್ರಮ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಪುಟ್ಟ ಮಗು ಕುಡಿದಿದ್ದನ್ನೆಲ್ಲ ಕಕ್ಕುತ್ತಿದ್ದರೆ ಮನೆಯವರು ಏನು ಮಾಡಬೇಕು ಅನ್ನುವುದು ಆ ಸುದ್ದಿಯ ಪಕ್ಕದಲ್ಲಿ ಎಲ್ಲೂ ಇರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಉದ್ದ ಆಗುತ್ತದೆ. ಕತ್ತರಿ ಹಾಕಲೇಬೇಕು ಅಂದರೆ ಬೇರೆ ಕಡೆ ಹಾಕಿ, ಚಮಚದ ವಿಷಯಕ್ಕೆ ಮಾತ್ರ ಹಾಕಬೇಡಿ.

ನಾನು ಸರ್ಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು, ಈಗ ನಿವೃತ್ತಿಯಾಗಿದೆ. ವಾಂತಿ ಮಗುವನ್ನು ಎತ್ತಿಕೊಂಡು ಬಂದವರು ಬಾಗಿಲಲ್ಲೇ ಹೇಳುವ ಮಾತು ಒಂದೇ. "ಹೊಟ್ಟೇಲಿ ಏನೂ ನಿಲ್ತಾ ಇಲ್ಲ ಸಿಸ್ಟರ್, ಒಂದು ಗ್ಲೂಕೋಸ್ ಹಾಕಿಬಿಡಿ." ಮಗುವನ್ನು ನೋಡಿದರೆ ಕಣ್ಣಲ್ಲಿ ನೀರಿದೆ, ಅಳುತ್ತಿದೆ, ನಾಲಿಗೆ ಒದ್ದೆ ಇದೆ, ಸ್ವಲ್ಪ ಹೊತ್ತಿನ ಹಿಂದೆ ಉಚ್ಚೆ ಹೊಯ್ದಿದೆ. ಇಂಥ ಮಗುವಿಗೆ ಸೂಜಿ ಬೇಕಾಗಿಲ್ಲ. ಬಾಯಲ್ಲೇ ಕುಡಿಸಿ, ಹೇಗೆ ಅಂತ ತೋರಿಸುತ್ತೇನೆ ಅಂದರೆ ಮುಖ ಸಿಂಡರಿಸುತ್ತಾರೆ. ಅಷ್ಟು ದೂರದಿಂದ ಆಟೋ ಮಾಡಿಕೊಂಡು ಬಂದಿದ್ದು ಉಪ್ಪು ಸಕ್ಕರೆ ನೀರು ಕುಡಿಸೋಕಾ? ಅರ್ಧ ಜನ ಎದ್ದು ಎದುರಿನ ಕ್ಲಿನಿಕ್ಕಿಗೆ ಹೋಗುತ್ತಾರೆ. ಅಲ್ಲಿ ಬಾಟಲಿ ನೇತು ಹಾಕುತ್ತಾರೆ, ದುಡ್ಡು ತೆಗೆದುಕೊಳ್ಳುತ್ತಾರೆ, ಇವರಿಗೂ ಸಮಾಧಾನ, ಅವರಿಗೂ ಸಮಾಧಾನ.

ನೀರಿನಂಶ ಕಮ್ಮಿಯಾದ ಮಗುವಿನ ಕೈಯಲ್ಲಿ ನರ ಹುಡುಕುವುದು ಎಷ್ಟು ಕಷ್ಟ ಅಂತ ಚುಚ್ಚಿದವರಿಗೇ ಗೊತ್ತು. ಕೈಯಲ್ಲಿ ಸಿಗದಿದ್ದರೆ ಕಾಲು, ಕಾಲಲ್ಲಿ ಸಿಗದಿದ್ದರೆ ತಲೆ. ಮಗು ಚೀರುತ್ತದೆ, ಚೀರಿ ಚೀರಿ ಮತ್ತೆ ವಾಂತಿ ಮಾಡುತ್ತದೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಬರೀ ಗ್ಲೂಕೋಸ್ ಇರುವ ಬಾಟಲಿಯಲ್ಲಿ ಉಪ್ಪಿನಂಶವೇ ಇರುವುದಿಲ್ಲ. ವಾಂತಿ ಭೇದಿಯಲ್ಲಿ ಹೊರಗೆ ಹೋಗುವುದು ನೀರಿನ ಜೊತೆ ಉಪ್ಪು. ನಿಜವಾಗಿ ಸುಸ್ತಾಗಿ ಬಿದ್ದ ಮಗುವಿಗೆ ಕೊಡುವುದು ರಿಂಗರ್ ಲ್ಯಾಕ್ಟೇಟ್ ಅನ್ನುವ ಉಪ್ಪಿನಂಶ ಇರುವ ಬಾಟಲಿ, ಅದಿಲ್ಲದಿದ್ದರೆ ಸಲೈನ್. ಕಣ್ಣು ಬಿಡದೆ ಮಲಗಿರುವ, ಕುಡಿಯಲು ಆಗದ, ಕೈಕಾಲು ತಣ್ಣಗಾದ ಮಗುವಿಗೆ ಅದು ಬೇಕೇ ಬೇಕು, ತಕ್ಷಣ ಬೇಕು, ಅಲ್ಲಿ ಚಮಚ ಹಿಡಿದು ಕೂರಬಾರದು. ನಾನು ಹೇಳುತ್ತಿರುವುದು ಆ ಹಂತಕ್ಕೆ ಹೋಗದ ಮಕ್ಕಳ ವಿಷಯ. ವಾಂತಿ ಅಂತ ಬರುವವರಲ್ಲಿ ಅವರೇ ಜಾಸ್ತಿ.

ಈಗ ಚಮಚಕ್ಕೆ ಬರುತ್ತೇನೆ.

ಮಗು ವಾಂತಿ ಮಾಡಿತು ಅಂದುಕೊಳ್ಳಿ. ಆ ಕ್ಷಣದಲ್ಲಿ ಏನೂ ಕೊಡಬೇಡಿ. ಬಾಯಿ ಒರೆಸಿ, ಬಟ್ಟೆ ಬದಲಿಸಿ, ಎತ್ತಿಕೊಂಡು ಓಡಾಡಿ, ಮಲಗಿಸಿದರೆ ಮಗ್ಗುಲಾಗಿ ಮಲಗಿಸಿ. ಹತ್ತು ನಿಮಿಷ ಕಳೆಯಲಿ. ಆಮೇಲೆ ಓಆರ್‌ಎಸ್ ನೀರನ್ನು, ಅಂದರೆ ಉಪ್ಪು ಗ್ಲೂಕೋಸ್ ಇರುವ ಪೊಟ್ಟಣದ ಪುಡಿ ಕಲಸಿದ ನೀರನ್ನು, ಟೀ ಚಮಚದಲ್ಲಿ ಒಂದು ಚಮಚ. ಒಂದೇ. ಅಂದರೆ 5 ಎಂಎಲ್. ಒಂದೆರಡು ನಿಮಿಷ ಬಿಟ್ಟು ಇನ್ನೊಂದು. ಹೀಗೇ ಮುಂದುವರಿಸಬೇಕು. ಎಲ್ಲ ಕೆಡುವುದು ಇಲ್ಲೇ. ಮಗುವಿಗೆ ವಿಪರೀತ ಬಾಯಾರಿಕೆ ಇರುತ್ತದೆ, ಲೋಟ ಕಂಡರೆ ಎರಡು ಕೈಯಲ್ಲಿ ಕಿತ್ತುಕೊಳ್ಳುತ್ತದೆ, ಪಾಪ ಕುಡೀಲಿ ಅಂತ ಅಜ್ಜಿ ಪೂರ್ತಿ ಲೋಟ ಹಿಡಿಯುತ್ತಾರೆ, ಮಗು ಗಟಗಟ ಕುಡಿಯುತ್ತದೆ, ಐದು ನಿಮಿಷಕ್ಕೆ ಅಷ್ಟೂ ನೆಲದ ಮೇಲೆ. ನೀರು ಕೂಡ ನಿಲ್ಲುತ್ತಿಲ್ಲ ಅನ್ನುವ ತೀರ್ಮಾನ ಆಗ ಬರುತ್ತದೆ. ಕೆರಳಿದ ಹೊಟ್ಟೆಗೆ ಒಂದೇ ಸಲ ಅಷ್ಟು ಬಿದ್ದರೆ ಅದು ಒದ್ದು ಹೊರಗೆ ಹಾಕುತ್ತದೆ, ಅಷ್ಟೇ. ಸ್ವಲ್ಪ ಸ್ವಲ್ಪ ಕೊಟ್ಟರೆ ಬಹಳಷ್ಟು ಮಕ್ಕಳಲ್ಲಿ ನಿಲ್ಲುತ್ತದೆ. ನಡುವೆ ಒಂದು ಸಲ ವಾಂತಿ ಆದರೂ ಕೊಟ್ಟಿದ್ದೆಲ್ಲ ಹೊರಗೆ ಬಂದಿರುವುದಿಲ್ಲ, ಎಷ್ಟೋ ಭಾಗ ಆಗಲೇ ಕರುಳಿಗೆ ಇಳಿದಿರುತ್ತದೆ. ಆದ್ದರಿಂದ ಕೈಬಿಡಬೇಡಿ. ಮತ್ತೆ ಹತ್ತು ನಿಮಿಷ ಬಿಟ್ಟು, ಮೊದಲಿಗಿಂತ ನಿಧಾನವಾಗಿ ಮತ್ತೆ ಶುರು ಮಾಡಿ.

ಒಂದು ಚಮಚದಲ್ಲಿ ಏನು ಮಹಾ ಆಗುತ್ತೆ ಅನ್ನುವವರು ಲೆಕ್ಕ ಹಾಕಿ ನೋಡಿ. ಎರಡು ನಿಮಿಷಕ್ಕೆ ಒಂದು ಚಮಚ ಅಂದರೆ ಗಂಟೆಗೆ 150 ಎಂಎಲ್. ನಿಮಿಷಕ್ಕೊಂದು ಅಂದರೆ 300 ಎಂಎಲ್. ಸ್ವಲ್ಪ ನೀರಿನಂಶ ಕಳೆದುಕೊಂಡ ಮಗುವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಕೆಜಿಗೆ 75 ಎಂಎಲ್‌ನಂತೆ, ನಾಲ್ಕು ಗಂಟೆಯಲ್ಲಿ. ಹತ್ತು ಕೆಜಿ ಮಗುವಿಗೆ 750 ಎಂಎಲ್ ಆಯಿತು. ಚಮಚ ಹಿಡಿದು ಕೂತರೆ ಅಷ್ಟು ಒಳಗೆ ಹೋಗುತ್ತದೆ. ಬಾಟಲಿ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಚುಚ್ಚುವುದೊಂದಿಲ್ಲ.

ಚಮಚ ಉಗಿಯುವ ಮಕ್ಕಳೂ ಇದ್ದಾರೆ. ಮೆಡಿಕಲ್ ಶಾಪಿನಲ್ಲಿ ಸೂಜಿ ಇಲ್ಲದ ಸಿರಿಂಜ್ ಕೇಳಿ ತನ್ನಿ, ಕೆನ್ನೆಯ ಒಳಬದಿಗೆ ಮೆಲ್ಲಗೆ ಬಿಡಿ. ಗಂಟಲಿಗೆ ನೇರವಾಗಿ ಹಾರಿಸಬೇಡಿ. ಸ್ವಲ್ಪ ತಣ್ಣಗಿದ್ದರೆ ಕೆಲವು ಮಕ್ಕಳು ಚೆನ್ನಾಗಿ ಕುಡಿಯುತ್ತವೆ, ಫ್ರಿಜ್ಜಿನಲ್ಲಿ ಇಟ್ಟು ಕೊಟ್ಟರೆ ನೆಗಡಿ ಆಗುತ್ತೆ ಅನ್ನುವ ಭಯ ಬೇಡ. ಮೂಗು ಹಿಡಿದು ಕುಡಿಸುವುದು ಬೇಡವೇ ಬೇಡ, ಶ್ವಾಸನಾಳಕ್ಕೆ ಹೋಗುತ್ತದೆ. ಎದೆಹಾಲು ಕುಡಿಯುವ ಮಗುವಾದರೆ ಹಾಲು ನಿಲ್ಲಿಸಬಾರದು. ಪದೇ ಪದೇ ಕೊಡಿ, ಪ್ರತಿ ಸಲ ಸ್ವಲ್ಪ ಹೊತ್ತು ಸಾಕು. "ತಾಯಿ ಹಾಲೇ ಮಗುವಿಗೆ ಆಗಿಬರುತ್ತಿಲ್ಲ" ಅಂತ ಅತ್ತೆ ಮನೆಯಲ್ಲಿ ಶುರುವಾಗುವ ಮಾತಿಗೆ ಕಿವಿ ಕೊಡಬೇಡಿ.

ಪೊಟ್ಟಣದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲೂ ಆಶಾ ಕಾರ್ಯಕರ್ತೆಯ ಹತ್ತಿರವೂ ಸಿಗುವ ದೊಡ್ಡ ಪೊಟ್ಟಣ 20.5 ಗ್ರಾಂ, ಅದು ಪೂರ್ತಿ ಒಂದು ಲೀಟರ್ ನೀರಿಗೆ. ಅಂಗಡಿಯಲ್ಲಿ 200 ಎಂಎಲ್‌ಗೆ ಆಗುವ ಸಣ್ಣ ಪೊಟ್ಟಣವೂ ಸಿಗುತ್ತದೆ. ಪುಡಿಯನ್ನು ಕಣ್ಣಳತೆಯಲ್ಲಿ ಅರ್ಧ ಸುರಿದು ಒಂದು ಲೋಟಕ್ಕೆ ಕಲಸುವವರು ಬಹಳ. ನೀರು ಕಮ್ಮಿಯಾಗಿ ಪುಡಿ ಜಾಸ್ತಿಯಾದರೆ ಮಗುವಿನ ರಕ್ತದಲ್ಲಿ ಉಪ್ಪು ಏರುತ್ತದೆ, ಫಿಟ್ಸ್ ಕೂಡ ಬರಬಹುದು. ಪೊಟ್ಟಣದ ಮೇಲೆ ಎಷ್ಟು ನೀರು ಅಂತ ಬರೆದಿರುತ್ತದೆ, ಅಷ್ಟೇ ನೀರು, ಪೂರ್ತಿ ಪುಡಿ. ನೀರು ಕುದಿಸಿ ಆರಿಸಿದ್ದು. ಕಲಸಿದ ಮೇಲೆ ಕುದಿಸಬೇಡಿ. ಸಕ್ಕರೆ, ಹಾಲು, ಜ್ಯೂಸ್ ಯಾವುದನ್ನೂ ಸೇರಿಸಬೇಡಿ. 24 ಗಂಟೆ ಆದ ಮೇಲೆ ಉಳಿದಿದ್ದನ್ನು ಚೆಲ್ಲಿ. ಮಧ್ಯರಾತ್ರಿ ಪೊಟ್ಟಣವೇ ಇಲ್ಲ ಅಂದರೆ ಒಂದು ಲೀಟರ್ ನೀರಿಗೆ ಸಮ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ರಾಶಿ ಚಮಚ ಅಲ್ಲ, ಚಾಕುವಿನ ಬೆನ್ನಿನಲ್ಲಿ ಎಳೆದು ಸಮ ಮಾಡಿದ್ದು. ಮೊದಲು ನೀವು ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಿ. ಬೆಳಿಗ್ಗೆ ಆದ ಕೂಡಲೇ ಪೊಟ್ಟಣ ತನ್ನಿ, ಯಾಕೆಂದರೆ ಅದರಲ್ಲಿರುವ ಪೊಟ್ಯಾಸಿಯಂ ಮನೆಯ ಉಪ್ಪು ಸಕ್ಕರೆಯಲ್ಲಿ ಸಿಗುವುದಿಲ್ಲ.

ಸಕ್ಕರೆ ಯಾಕೆ ಅಂತ ಕೇಳುತ್ತಾರೆ, ಶಕ್ತಿ ಬರಲಿ ಅಂತ ಅಲ್ಲ. ಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಗೆ ಹೋಗುವಾಗ ಉಪ್ಪನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಭೇದಿ ಆಗುತ್ತಿರುವ ಕರುಳಿನಲ್ಲೂ ಈ ದಾರಿ ಮುಚ್ಚಿರುವುದಿಲ್ಲ. 1960ರ ದಶಕದಲ್ಲಿ ವಿಜ್ಞಾನಿಗಳಿಗೆ ಇದು ಸ್ಪಷ್ಟವಾಗಿತ್ತು, ಆದರೂ ದೊಡ್ಡ ಡಾಕ್ಟರುಗಳು ಬಾಟಲಿಯನ್ನೇ ನಂಬಿದ್ದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದಾಗ ಕಾಲರಾ ಹಬ್ಬಿತು. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಾಲನಬಿಸ್ ಅವರ ಹತ್ತಿರ ಬಾಟಲಿಗಳು ಮುಗಿಯುತ್ತಾ ಬಂದವು. ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ತೂಗಿಸಿ ಪೊಟ್ಟಣ ಕಟ್ಟಿಸಿದರು, ಡ್ರಮ್ಮಿನಲ್ಲಿ ಕಲಸಿ ಇಟ್ಟರು. ಕುಡಿಸಿದ್ದು ಯಾರು? ನರ್ಸುಗಳಲ್ಲ, ಅಷ್ಟು ಜನ ನರ್ಸ್ ಎಲ್ಲಿಂದ ಬರಬೇಕು. ರೋಗಿಯ ಅಮ್ಮ, ಅಣ್ಣ, ಅಕ್ಕ, ಪಕ್ಕದ ಡೇರೆಯವರು. ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. ಅವರು 2022ರಲ್ಲಿ ತೀರಿಕೊಂಡರು, 2023ರಲ್ಲಿ ಸರ್ಕಾರ ಪದ್ಮ ವಿಭೂಷಣ ಕೊಟ್ಟಿತು. ಬದುಕಿದ್ದಾಗ ಕೊಟ್ಟಿದ್ದರೆ ಏನಾಗುತ್ತಿತ್ತೋ, ಇರಲಿ. ಡೇರೆಯಲ್ಲಿ ಕೆಸರಿನಲ್ಲಿ ಓದು ಬರಹ ಬಾರದ ತಾಯಂದಿರು ಮಾಡಿದ್ದನ್ನು ಸ್ಮಾರ್ಟ್‌ಫೋನ್ ಹಿಡಿದ ನಾವು ಮಾಡಲಾರೆವು ಅಂದರೆ ನಂಬುವುದು ಹೇಗೆ?

ಓಆರ್‌ಎಸ್ ಹೆಸರಿನಲ್ಲಿ ಅಂಗಡಿಯಲ್ಲಿ ಮಾರುತ್ತಾ ಬಂದ ಬಣ್ಣದ ಡಬ್ಬಿಗಳ ಕಥೆ ಬೇರೆ. ಸೇಬು, ಕಿತ್ತಳೆ, ಮಾವು ಫ್ಲೇವರಿನ ಟೆಟ್ರಾ ಪ್ಯಾಕ್, ಹೆಸರಿನಲ್ಲಿ ಆ ಅಕ್ಷರಗಳು, ಒಳಗೆ ಸಕ್ಕರೆ ಜಾಸ್ತಿ, ಉಪ್ಪಿನಂಶ ಕಮ್ಮಿ. ಸಕ್ಕರೆ ಜಾಸ್ತಿಯಾದರೆ ಕರುಳು ನೀರನ್ನು ಹೀರುವ ಬದಲು ಬಿಟ್ಟುಕೊಡುತ್ತದೆ, ಭೇದಿ ಹೆಚ್ಚಾಗುತ್ತದೆ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜಿನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಯಾವ ಪಾನೀಯವೂ ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಬಾರದು ಅಂತ ಆದೇಶ ಮಾಡಿತು. ಕೆಳಗೆ ಸಣ್ಣ ಅಕ್ಷರದಲ್ಲಿ "ಇದು ಆ ಓಆರ್‌ಎಸ್ ಅಲ್ಲ" ಅಂತ ಬರೆದು ಮಾರಲು 2022ರಲ್ಲಿ ಅನುಮತಿ ಕೊಟ್ಟಿದ್ದೂ ಇದೇ ಪ್ರಾಧಿಕಾರ ಅನ್ನುವುದನ್ನು ಮರೆಯಬಾರದು. ರಾತ್ರಿ ಹೊತ್ತಲ್ಲಿ ಮಗು ಕಂಕುಳಲ್ಲಿ ಇಟ್ಟುಕೊಂಡು ಯಾರು ಸಣ್ಣ ಅಕ್ಷರ ಓದುತ್ತಾರೆ ಹೇಳಿ. ಅಂಗಡಿಯವರು ಏನೇ ಕೊಡಲಿ, ಮೇಲೆ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರ ಅಂತ ಇದೆಯಾ ನೋಡಿ ತೆಗೆದುಕೊಳ್ಳಿ. ಕಿತ್ತಳೆ ಬಣ್ಣದ ಗ್ಲೂಕೋಸ್ ಪುಡಿ, ಕೂಲ್ ಡ್ರಿಂಕ್, ಪ್ಯಾಕೆಟ್ ಜ್ಯೂಸ್ ಇವು ಯಾವುವೂ ಅದರ ಬದಲಿಗೆ ಆಗುವುದಿಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಮ್ಮಿ. ಜೊತೆಗೆ ಕೊಡಿ, ಅದೊಂದನ್ನೇ ನಂಬಬೇಡಿ. ಉಪ್ಪು ಹಾಕಿದ ಗಂಜಿ ತಿಳಿಯೂ ಒಳ್ಳೆಯದು, ಮಜ್ಜಿಗೆಯೂ ಒಳ್ಳೆಯದು.

ಔಷಧಿ ವಿಷಯಕ್ಕೆ ಹೆಚ್ಚು ಹೋಗುವುದಿಲ್ಲ, ಅದು ಡಾಕ್ಟರ ಕೆಲಸ. ಒಂದೇ ಮಾತು. ವಾಂತಿ ನಿಲ್ಲುವ ಸಿರಪ್ ಕೊಡಿ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ಒಂಡಾನ್‌ಸೆಟ್ರಾನ್ ಅನ್ನುವ ವಾಂತಿ ಔಷಧಿಯನ್ನು ಮಗುವಿನ ತೂಕ ನೋಡಿ ಡಾಕ್ಟರು ಒಂದು ಸಲ ಕೊಟ್ಟರೆ ಚಮಚದ ಕೆಲಸ ಸುಲಭ ಆಗುತ್ತದೆ, ನಿಜ. ದೊಡ್ಡವರಿಗೆ ಬರೆದ ಹಳೇ ಮಾತ್ರೆ ಮುರಿದು ಕೊಡುವುದು ಬೇರೆ ಮಾತು. ಮೆಟೋಕ್ಲೋಪ್ರಮೈಡ್ ಅನ್ನುವ ಇನ್ನೊಂದು ವಾಂತಿ ಔಷಧಿಯಿಂದ ಕೆಲವು ಮಕ್ಕಳ ಕತ್ತು ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲೆ ಹೋಗುತ್ತದೆ, ನಾಲಿಗೆ ಹೊರಗೆ ಚಾಚುತ್ತದೆ. ಗಾಳಿ ಸೋಕಿದೆ ಅಂತ ತಾಯತಕ್ಕೆ ಓಡಿದವರನ್ನು ನೋಡಿದ್ದೇನೆ. ಅದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ, ಔಷಧಿಯ ಅಡ್ಡ ಪರಿಣಾಮ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಇಳಿಯುತ್ತದೆ. ಮತ್ತೆ ಆ್ಯಂಟಿಬಯಾಟಿಕ್. ಮಕ್ಕಳ ವಾಂತಿ ಭೇದಿಯಲ್ಲಿ ಬಹುಪಾಲು ವೈರಸ್ಸಿನದು, ಅದಕ್ಕೆ ಆ್ಯಂಟಿಬಯಾಟಿಕ್ ನಾಟುವುದೇ ಇಲ್ಲ. ಭೇದಿಯೂ ಇದ್ದರೆ ಜಿಂಕ್ ಕೊಡಬೇಕು, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ 14 ದಿನ, ಎರಡರಿಂದ ಆರು ತಿಂಗಳಿನವರಿಗೆ ಅದರ ಅರ್ಧ. ಭೇದಿ ನಿಂತಿತು ಅಂತ ಮೂರನೇ ದಿನಕ್ಕೆ ನಿಲ್ಲಿಸಿಬಿಡುತ್ತಾರೆ, ನಿಲ್ಲಿಸಬಾರದು.

ಮನೆ ನಂಬಿಕೆಗಳ ಬಗ್ಗೆ ನನಗೆ ಜಗಳವಿಲ್ಲ. ದೃಷ್ಟಿ ತೆಗೆಯುತ್ತೀರಾ, ತೆಗೆಯಿರಿ. ಒಬ್ಬರು ಉಪ್ಪು ಮೆಣಸಿನಕಾಯಿ ನಿವಾಳಿಸಲಿ, ಇನ್ನೊಬ್ಬರು ಚಮಚ ಹಿಡಿಯಲಿ, ಎರಡೂ ಒಟ್ಟಿಗೆ ನಡೆಯುತ್ತದೆ. ಆದರೆ ಬಟ್ಟಿ ಬಿದ್ದಿದೆ ಅಂತ ಹೊಟ್ಟೆ ಹಿಸುಕಿಸುವುದು, ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬೆರಳು ಹಾಕಿಸುವುದು, ಹೊಟ್ಟೆಯ ಮೇಲೆ ಬರೆ ಎಳೆಯುವುದು, ಇವಕ್ಕೆ ನಾನು ಸುಮ್ಮನಿರುವವಳಲ್ಲ. ನೆತ್ತಿ ಬಿದ್ದಿದೆ ಅಂತ ಎಣ್ಣೆ ಒತ್ತುವವರಿಗೆ ಒಂದು ಮಾತು. ಕೂಸಿನ ನೆತ್ತಿ ಒಳಗೆ ಕುಸಿದಿದೆ ಅಂದರೆ ಮೈಯಲ್ಲಿ ನೀರು ಕಮ್ಮಿಯಾಗಿದೆ ಅಂತ. ನೋಡಿದ್ದು ಸರಿಯಾಗಿಯೇ ಇದೆ, ಮಾಡುವ ಉಪಾಯ ಮಾತ್ರ ಸರಿ ಇಲ್ಲ. ಇನ್ನು ಹೊಟ್ಟೆಗೆ ರೆಸ್ಟ್ ಕೊಡಬೇಕು ಅಂತ ಇಡೀ ದಿನ ಉಪವಾಸ ಕೆಡವುವುದೂ ಬೇಡ. ವಾಂತಿ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಮಗು ಕೇಳಿದರೆ ಗಂಜಿ, ಮೊಸರನ್ನ, ಇಡ್ಲಿ, ಬಾಳೆಹಣ್ಣು, ರಾಗಿ ಸರಿ, ತಿಂದಷ್ಟು ಕೊಡಿ.

ಚಮಚ ಸಾಲದ ಸಂದರ್ಭಗಳೂ ಇವೆ. ಅವನ್ನು ಬರೆಯದಿದ್ದರೆ ಈ ಪತ್ರವೇ ಅಪಾಯ.

ಮೊದಲನೆಯದಾಗಿ, ವಾಂತಿಯ ಬಣ್ಣ ನೋಡಿ. ಹಸಿರು ವಾಂತಿ, ಅದರಲ್ಲೂ ಹುಟ್ಟಿದ ಮೊದಲ ವಾರಗಳ ಕೂಸಿನಲ್ಲಿ, ಕರುಳು ತಿರುಚಿಕೊಂಡಿರುವ ಸೂಚನೆ ಇರಬಹುದು. ಕರುಳಿಗೆ ರಕ್ತ ನಿಂತುಹೋಗುತ್ತದೆ, ಗಂಟೆಗಳ ಲೆಕ್ಕ. ಪಿತ್ತ ಜಾಸ್ತಿಯಾಗಿದೆ ಅಂತ ಕಷಾಯ ಕುದಿಸುತ್ತಾ ಕೂರಬೇಡಿ, ಮಕ್ಕಳ ಆಪರೇಷನ್ ಮಾಡುವವರು ಇರುವ ಆಸ್ಪತ್ರೆಗೆ ಹೋಗಬೇಕು, 108ಕ್ಕೆ ಫೋನ್ ಮಾಡಿ. ವಾಂತಿಯ ಬಟ್ಟೆಯನ್ನೋ ಅದರ ಫೋಟೋವನ್ನೋ ಜೊತೆಗೆ ತನ್ನಿ, "ಹಳದಿ ಇತ್ತು, ಇಲ್ಲ ಹಸಿರೇನೋ" ಅಂತ ಗಂಡ ಹೆಂಡತಿ ಡಾಕ್ಟರ ಎದುರು ವಾದ ಮಾಡುವುದು ತಪ್ಪುತ್ತದೆ. ಎರಡರಿಂದ ಎಂಟು ವಾರದ ಕೂಸು ಹಾಲು ಕುಡಿದ ಕೂಡಲೇ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ಮರುಕ್ಷಣ ಹಸಿವು ಅಂತ ಅತ್ತು, ದಿನೇ ದಿನೇ ಇಳಿದುಹೋಗುತ್ತಿದ್ದರೆ ಹೊಟ್ಟೆಯ ಕೆಳಬಾಯಿ ದಪ್ಪವಾಗಿ ಮುಚ್ಚಿಕೊಂಡಿರಬಹುದು. ಗಂಡು ಕೂಸುಗಳಲ್ಲಿ ಜಾಸ್ತಿ. ಸಣ್ಣ ಆಪರೇಷನ್ನಿನಲ್ಲಿ ಸರಿಹೋಗುತ್ತದೆ. ಹಾಲು ಕುಡಿದು ತೇಗಿದಾಗ ಒಂದಿಷ್ಟು ಕಕ್ಕುವುದು ಇದಲ್ಲ. ಕೂಸು ನಗುತ್ತಾ ತೂಕ ಏರುತ್ತಾ ಇದ್ದರೆ ಅದಕ್ಕೆ ಚಿಂತೆ ಬೇಡ, ವರ್ಷ ತುಂಬುವ ಹೊತ್ತಿಗೆ ಬಹುತೇಕ ತಾನಾಗಿ ನಿಲ್ಲುತ್ತದೆ. ಎರಡು ಮೂರು ತಿಂಗಳೊಳಗಿನ ಕೂಸು ನಿಜವಾಗಿ ವಾಂತಿ ಮಾಡುತ್ತಿದ್ದರೆ ಮಾತ್ರ ಮನೆಯಲ್ಲಿ ಪ್ರಯೋಗ ಬೇಡ.

ಆರು ತಿಂಗಳಿಂದ ಎರಡು ವರ್ಷದ ಮಕ್ಕಳಲ್ಲಿ ಕರುಳಿನ ಒಂದು ತುಂಡು ಮುಂದಿನ ತುಂಡಿನೊಳಗೆ ಅಂಗಿಯ ತೋಳು ಒಳಗೆ ಮಡಚಿಕೊಂಡ ಹಾಗೆ ಸೇರಿಕೊಳ್ಳುವುದುಂಟು. ಮಗು ಇದ್ದಕ್ಕಿದ್ದಂತೆ ಕಾಲು ಮಡಚಿ ಕಿರುಚುತ್ತದೆ, ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ, ಮತ್ತೆ ಕಿರುಚುತ್ತದೆ, ನಡುವೆ ವಾಂತಿ. ರಕ್ತ ಬೆರೆತ ಲೋಳೆ ಕಕ್ಕಸಿನಲ್ಲಿ ಬರುವ ಹೊತ್ತಿಗೆ ತಡ ಆಗಿರುತ್ತದೆ. ಬೇಗ ಹೋದರೆ ಎಷ್ಟೋ ಮಕ್ಕಳಿಗೆ ಹೊಟ್ಟೆ ಕೊಯ್ಯದೆ ಗಾಳಿ ಅಥವಾ ನೀರಿನ ಒತ್ತಡದಲ್ಲೇ ಸರಿ ಮಾಡುತ್ತಾರೆ.

ಇನ್ನೊಂದನ್ನು ಒತ್ತಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಇದು ತಪ್ಪಿಹೋಗುತ್ತದೆ. ಸಕ್ಕರೆ ಕಾಯಿಲೆ ಮಕ್ಕಳಿಗೂ ಬರುತ್ತದೆ. ಕೆಲವು ವಾರಗಳಿಂದ ಚೊಂಬುಗಟ್ಟಲೆ ನೀರು ಕುಡಿಯುವುದು, ಮತ್ತೆ ಮತ್ತೆ ಉಚ್ಚೆಗೆ ಏಳುವುದು, ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡುವುದು, ಬಚ್ಚಲಲ್ಲಿ ಉಚ್ಚೆಗೆ ಇರುವೆ ಮುತ್ತುವುದು, ಚೆನ್ನಾಗಿ ತಿಂದರೂ ಸಣ್ಣ ಆಗುವುದು. ಆಮೇಲೆ ಒಂದು ದಿನ ವಾಂತಿ, ಹೊಟ್ಟೆ ನೋವು, ದೀರ್ಘವಾದ ಜೋರು ಉಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನ ವಾಸನೆ. ಇದನ್ನು ಗ್ಯಾಸ್ಟ್ರಿಕ್ ಅಂತಲೋ ನ್ಯುಮೋನಿಯಾ ಅಂತಲೋ ಅಂದುಕೊಂಡು, ಮೇಲೆ ಗ್ಲೂಕೋಸ್ ಬಾಟಲಿ ಬೇರೆ ಏರಿಸಿದರೆ ಏನಾಗುತ್ತದೆ ಯೋಚಿಸಿ. ಸಾಮಾನ್ಯ ವಾಂತಿ ಭೇದಿಯಲ್ಲಿ ನೀರು ಕಮ್ಮಿಯಾದ ಮಗು ಉಚ್ಚೆ ಕಮ್ಮಿ ಮಾಡುತ್ತದೆ. ವಾಂತಿ ಮಾಡುತ್ತಾ ಸೊರಗಿದ ಮಗು ಹೊಳೆಯ ಹಾಗೆ ಉಚ್ಚೆ ಹೊಯ್ಯುತ್ತಿದ್ದರೆ ಅನುಮಾನ ಪಡಿ. ಬೆರಳಿಗೆ ಚುಚ್ಚಿ ಶುಗರ್ ನೋಡಲು ಒಂದು ನಿಮಿಷ ಸಾಕು, ಯಾವ ಕ್ಲಿನಿಕ್ಕಿನಲ್ಲಾದರೂ ಆಗುತ್ತದೆ. ಕೇಳಿ ಮಾಡಿಸಿ.

ಡೆಂಗಿಯಲ್ಲಿ ಜ್ವರ ಇಳಿದ ಮೇಲೆ ವಾಂತಿ, ಹೊಟ್ಟೆ ನೋವು ಶುರುವಾದರೆ ಅದೇ ಅಪಾಯದ ಗಂಟೆ. ಜ್ವರ ಬಿಟ್ಟಿತು, ಮಗು ಸುಧಾರಿಸಿತು ಅಂದುಕೊಳ್ಳುವ ಹೊತ್ತು ಅದು. 2024ರಲ್ಲಿ ನಮ್ಮ ರಾಜ್ಯ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದ್ದು ನೆನಪಿರಲಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ ವಾಂತಿ, ತಲೆನೋವು, ನಡಿಗೆಯಲ್ಲಿ ತೂರಾಟ ಇದ್ದರೆ ತಲೆಯ ಪರೀಕ್ಷೆ ಆಗಬೇಕು. ಬಿದ್ದು ತಲೆಗೆ ಪೆಟ್ಟಾದ ಮೇಲಿನ ವಾಂತಿಗೂ ಅಷ್ಟೇ. ಜ್ವರ ಮತ್ತು ವಾಂತಿ ಇದೆ, ಭೇದಿ ಇಲ್ಲ ಅಂದರೆ ಉಚ್ಚೆ ಪರೀಕ್ಷೆ ಮಾಡಿಸಿ, ಕೂಸುಗಳಲ್ಲಿ ಮೂತ್ರದ ಸೋಂಕು ಹೀಗೇ ಬರುತ್ತದೆ. ಕತ್ತು ಬಿಗಿದರೆ, ಬಲಗಡೆ ಕೆಳಹೊಟ್ಟೆ ಮುಟ್ಟಲು ಬಿಡದಿದ್ದರೆ, ವಾಂತಿಯಲ್ಲಿ ರಕ್ತ ಬಂದರೆ ಕಾಯಬಾರದು. ಆರೆಂಟು ಗಂಟೆಯಿಂದ ಉಚ್ಚೆ ಇಲ್ಲ, ಅತ್ತರೆ ಕಣ್ಣೀರಿಲ್ಲ, ಕಣ್ಣು ಗುಳಿ ಬಿದ್ದಿದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಇಳಿಯುತ್ತದೆ, ಎಬ್ಬಿಸಿದರೆ ಸರಿಯಾಗಿ ಏಳುತ್ತಿಲ್ಲ, ಚಮಚ ಚಮಚ ಕೊಟ್ಟರೂ ಒಂದಿಷ್ಟೂ ನಿಲ್ಲುತ್ತಿಲ್ಲ, ಆಗಲೂ ಹೊರಡಿ. ದಾರಿಯಲ್ಲೂ ಕುಡಿಯುವಷ್ಟು ಎಚ್ಚರ ಇದ್ದರೆ ಚಮಚ ನಡೆಯಲಿ.

ಕೆಲವು ಮಕ್ಕಳಿಗೆ ವಾರಗಟ್ಟಲೆ ಏನೂ ಇಲ್ಲ, ಒಂದು ದಿನ ಬೆಳಗಿನ ಜಾವ ಶುರುವಾಗಿ ಗಂಟೆಗೆ ಹಲವು ಸಲ ವಾಂತಿ, ಒಂದೆರಡು ದಿನದಲ್ಲಿ ತಾನಾಗಿ ನಿಂತು ಮಗು ಏನೂ ಆಗದವರಂತೆ ಆಡುತ್ತದೆ. ಮತ್ತೆ ಕೆಲವು ವಾರಕ್ಕೆ ಅದೇ ಹೊತ್ತಿಗೆ ಅದೇ ಕಥೆ. ಆವರ್ತಕ ವಾಂತಿ ಅಂತ ಇದನ್ನು ಗುರುತಿಸಿದ್ದಾರೆ, ಮೈಗ್ರೇನಿನ ಸಂಬಂಧಿ ಇದು, ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಅರೆತಲೆನೋವು ಇರುವುದು ಸಾಮಾನ್ಯ. ಹಬ್ಬದ ಸಂಭ್ರಮ, ನಿದ್ದೆಗೇಡು, ನೆಗಡಿ ಜ್ವರ ಯಾವುದಾದರೂ ಕೆರಳಿಸಬಹುದು. ಸ್ಕೂಲಿಗೆ ಹೋಗದೇ ಇರಲು ನಾಟಕ ಅಂತ ಬೈಸಿಕೊಂಡ ಮಕ್ಕಳಲ್ಲಿ ಇಂಥವರು ಇರುತ್ತಾರೆ. ತಾರೀಖು, ಹೊತ್ತು, ಹಿಂದಿನ ದಿನ ಏನಾಯಿತು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟು ಮಕ್ಕಳ ಡಾಕ್ಟರಿಗೆ ತೋರಿಸಿ. ಬರದಂತೆ ತಡೆಯುವ ಔಷಧಿ ಇದೆ.

ತಡೆಯುವ ವಿಷಯ ಎರಡು ಸಾಲು. ರೋಟಾ ವೈರಸ್ಸಿನ ವಾಂತಿ ಭೇದಿ ತಡೆಯುವ ಲಸಿಕೆ ರೋಟಾ ಹನಿ, 6, 10, 14ನೇ ವಾರದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಶುರುವಾಗಿದ್ದು ಈಗ ದೇಶದ ತುಂಬ ಇದೆ, ಹಾಕಿಸಿ. ವಾಂತಿ ಒರೆಸಿದ ಕೈಯನ್ನು ಸೋಪಿನಲ್ಲೇ ತೊಳೆಯಿರಿ, ಸ್ಯಾನಿಟೈಸರ್‌ಗೆ ಈ ವೈರಸ್‌ಗಳು ಅಷ್ಟು ಬಗ್ಗುವುದಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಚಮಚ ಇಷ್ಟು ಒಳ್ಳೆಯದಾದರೆ ಯಾಕೆ ಯಾರೂ ಹಿಡಿಯುವುದಿಲ್ಲ? ಜನಕ್ಕೆ ತಿಳಿವಳಿಕೆ ಇಲ್ಲ ಅಂತ ಭಾಷಣ ಮಾಡುವವರನ್ನು ನಾನು ಒಪ್ಪುವುದಿಲ್ಲ. ಚಮಚಕ್ಕೆ ನಾಲ್ಕು ಗಂಟೆ ಬೇಕು, ಒಬ್ಬರು ಬೇರೆ ಯಾವ ಕೆಲಸವನ್ನೂ ಮಾಡದೆ ಕೂರಬೇಕು. ಆ ಒಬ್ಬರು ಯಾವಾಗಲೂ ತಾಯಿಯೇ. ಅವಳಿಗೆ ಇನ್ನೊಂದು ಮಗು ಇದೆ, ಗಾರ್ಮೆಂಟ್ಸ್ ಪಾಳಿ ಇದೆ, ಕೂಲಿ ಇದೆ, ರಜೆ ಹಾಕಿದರೆ ಸಂಬಳ ಇಲ್ಲ. ಬಾಟಲಿ ಹಾಕಿಸಿದರೆ ಬೇಗ ಮುಗಿಯುತ್ತದೆ ಅನ್ನುವ ಲೆಕ್ಕ ಅವಳದು, ಅದರಲ್ಲಿ ದಡ್ಡತನ ಏನೂ ಇಲ್ಲ. ಅಪ್ಪಂದಿರು ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಾ "ಇನ್ನೂ ಎಷ್ಟೊತ್ತು" ಅಂತ ಕೇಳುವ ಬದಲು ಅದೇ ಮೊಬೈಲಿನಲ್ಲಿ ಎರಡು ನಿಮಿಷದ ಟೈಮರ್ ಇಟ್ಟು ಚಮಚ ಹಿಡಿಯಬಹುದು, ಅಲ್ವಾ. ಕ್ಲಿನಿಕ್ಕಿನವರ ಕಡೆಯಿಂದ ನೋಡಿದರೂ ಅಷ್ಟೇ. ಬಾಟಲಿಗೆ ಬಿಲ್ ಮಾಡಬಹುದು, ಚಮಚ ಹಿಡಿಯುವುದು ಹೇಳಿಕೊಟ್ಟಿದ್ದಕ್ಕೆ ಬಿಲ್ ಮಾಡಲು ಬರುವುದಿಲ್ಲ.

ಸರ್ಕಾರದ ಕಾಗದದಲ್ಲಿ ಇದಕ್ಕೆ ಉಪಾಯ ಇದೆ. 2014ರಿಂದ ಅತಿಸಾರ ನಿಯಂತ್ರಣ ಪಾಕ್ಷಿಕ ನಡೆಯುತ್ತಿತ್ತು, 2024ರಲ್ಲಿ ಅದನ್ನು ಎರಡು ತಿಂಗಳ ಅಭಿಯಾನ ಮಾಡಿದರು. ಆಸ್ಪತ್ರೆಗಳಲ್ಲಿ ಓಆರ್‌ಎಸ್ ಮತ್ತು ಜಿಂಕ್ ಕಾರ್ನರ್ ಇರಬೇಕು ಅಂತ ಅದರಲ್ಲೇ ಇದೆ. ತಾಯಿ ಕೂರಲು ಜಾಗ, ಅಳತೆಯ ಜಗ್, ಲೋಟ, ಚಮಚ, ಕುದಿಸಿ ಆರಿಸಿದ ನೀರು, ಮೊದಲ ಹತ್ತು ಚಮಚ ಪಕ್ಕದಲ್ಲಿ ನಿಂತು ತೋರಿಸುವ ಒಬ್ಬರು. ಎಷ್ಟೋ ಕಡೆ ಕಾರ್ನರ್ ಅಂದರೆ ಗೋಡೆಗೆ ಹಚ್ಚಿದ ಒಂದು ಬ್ಯಾನರ್, ಅದರ ಕೆಳಗೆ ಮುರಿದ ಕುರ್ಚಿ. ಫೋಟೋ ತೆಗೆದು ಕಳಿಸಿದ ಮೇಲೆ ಜಗ್ಗು ಸ್ಟೋರ್ ರೂಮಿಗೆ ಹೋಗುತ್ತದೆ.

ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಇಷ್ಟೇ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ, ಸರ್ಕಾರದ "ನಮ್ಮ ಕ್ಲಿನಿಕ್"ಗಳಲ್ಲಿ ಈ ಮೂಲೆ ವರ್ಷಪೂರ್ತಿ ನಡೆಯಬೇಕು. ಬಾಟಲಿ ಹಾಕುವ ಮೊದಲು ಬಾಯಲ್ಲಿ ಪ್ರಯತ್ನ ಮಾಡಿದ್ದಾರಾ ಅಂತ ಕೇಸ್ ಶೀಟಿನಲ್ಲಿ ಒಂದು ಸಾಲು ಬರೆಯಬೇಕು, ಖಾಸಗಿಯವರಿಗೂ ಅದೇ ನಿಯಮ ಬರಲಿ. ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ವಾಂತಿ ಭೇದಿ ಸುದ್ದಿ ಹಾಕುವ ದಿನ ಪಕ್ಕದಲ್ಲಿ ಅಂಗೈಯಗಲ ಜಾಗ ಬಿಟ್ಟು ಪುಡಿ ಕಲಸುವ ಅಳತೆ, ಚಮಚದ ಹೊತ್ತು, ಹಸಿರು ವಾಂತಿಯ ಎಚ್ಚರಿಕೆ ಇಷ್ಟನ್ನು ಹಾಕಿ. ಓದುಗರು ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಓಆರ್‌ಎಸ್ ಕಾರ್ನರ್ ಎಲ್ಲಿದೆ ಅಂತ ಕೇಳಿ. ಇಲ್ಲ ಅಂದರೆ ಆಡಳಿತ ವೈದ್ಯಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಒಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬೆಂಚು, ಜಗ್ಗು, ಚಮಚಕ್ಕೆ ಟೆಂಡರ್ ಬೇಕಾಗಿಲ್ಲ, ಆಸ್ಪತ್ರೆಯದೇ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲೇ ಬರುತ್ತದೆ.

ಇಂತಿ,
ನಿವೃತ್ತ ಶುಶ್ರೂಷಕಿ, ಚಿತ್ರದುರ್ಗ ಜಿಲ್ಲೆ